ಕುಂಬಾರನ ಅರಲು ತುಳಿದ ಬಾಳವ್ವ

“ದೇವರ ಗೂಳಿಗೆ ಬಾಯಿಗೆ ಬಂದಂತೆ ಬೈದಳು, ಬಸವಣ್ಣ ಕನಸಿನಲ್ಲಿ ಬಂದು, ‘ಕುಂಬಾರನ ಅರಲು ತುಳಿದು ಪಾಪ ಕಳೆದುಕೋ’ ಎಂದ, ಅಂದಿನಿಂದ ತಲೆಕೆಟ್ಟು ಸಾಯುವತನಕ ತುಳಿದಳು.”

ಮೂಡಲಗಿಯ ಸುತ್ತಿನ ಹಳ್ಳಿಗಳಲ್ಲಿ ಬಾಳವ್ವನ ಕಥೆಯನ್ನು ಹೀಗೆ ಹೇಳುತ್ತಾರೆ. ಭಜನೆಯವರು ಇದಕ್ಕೆ ಹಾಡೊಂದನ್ನು ಕಟ್ಟಿದ್ದಾರೆ. ಕನಸಿನ ನುಡಿ ಬಂದಾಗ ತಾಳ ಜೋರಾಗುತ್ತದೆ, ಕೇಳುವವರು ಕೈಮುಗಿಯುತ್ತಾರೆ. ನಾನು ಕೈಮುಗಿದವನಲ್ಲ. ಬಾಳವ್ವ ನನ್ನ ತಾಯಿಯ ಅಕ್ಕ, ನನಗೆ ದೊಡ್ಡವ್ವ. ಆಕೆ ಗೂಳಿಯನ್ನು ಬೈದವಳಲ್ಲ. ಕನಸು ಕಂಡವಳೂ ಅಲ್ಲ. ‘ನಾ ಮಲಗಿದರ ಕೊಳ್ಳಿ ಇಟ್ಟರೂ ಏಳೂದಿಲ್ಲ, ನನ್ನ ಹಂತ್ಯಾಕ ಯಾವ ಕನಸು ಬರತೈತಿ?’ ಎನ್ನುತ್ತಿದ್ದಳು. ಆಕೆಯ ತಲೆ ಕೆಟ್ಟಿರಲಿಲ್ಲ. ಸಾಯುವತನಕ ತುಳಿಯಲೂ ಇಲ್ಲ. ಹಾಡಿನಲ್ಲಿ ಖರೆ ಇರುವುದು ಒಂದೇ ಸಂಗತಿ: ಮಲ್ಲಪ್ಪ ಎಂಬ ಕುಂಬಾರನ ಅಂಗಳದಲ್ಲಿ ಆಕೆ ವರ್ಷಗಟ್ಟಲೆ ಮಣ್ಣು ತುಳಿದಳು.

ಆ ಚಿತ್ರ ನನ್ನ ಕಣ್ಣಿನಿಂದ ಇನ್ನೂ ಅಳಿಸಿಲ್ಲ. ಬಿಸಿಲೇರುವ ಹೊತ್ತಿಗೆ ಆಕೆ ಕುಂಬಾರ ಓಣಿಯಿಂದ ಮನೆಗೆ ಮರಳುತ್ತಿದ್ದಳು. ಮುಂಗೈಯಲ್ಲಿ ಬಂಗಾರದ ಪಾಟಲಿ, ಹಣೆಯಲ್ಲಿ ಅಗಲವಾದ ವಿಭೂತಿ, ಎತ್ತಿ ಕಟ್ಟಿದ ಸೀರೆಯ ಕೆಳಗೆ ಮೊಣಕಾಲಿನವರೆಗೆ ಬೂದುಬಣ್ಣದ ಒದ್ದೆ ಮಣ್ಣು. ಕುಂಬಾರನ ಅಂಗಳದಲ್ಲಿ ನೀರಿಗೇನೂ ಬರವಿರಲಿಲ್ಲ. ಆದರೂ ಕಾಲು ತೊಳೆಯದೆ, ಗೌಡರ ಕಟ್ಟೆಯ ಮುಂದೆಯೇ ನಡೆದು ಬರುತ್ತಿದ್ದಳು. ಎರಡು ಜೋಡಿ ಎತ್ತಿನ ಕಮತ, ಮಾಳಿಗೆ ಮನೆ, ಮಠದ ಪಂಕ್ತಿಯಲ್ಲಿ ಮೊದಲ ಸಾಲು: ಅಂಥ ಲಿಂಗವಂತರ ಮನೆತನದ ಹೆಣ್ಣುಮಗಳು ಅಂಥ ಕಾಲಿನಲ್ಲಿ ಹಾದುಹೋಗುವುದನ್ನು ನೋಡಲಾರದೆ ಕಟ್ಟೆಯ ಮೇಲಿನ ಹಿರಿಯರು ಮುಖ ತಿರುಗಿಸುತ್ತಿದ್ದರು. ಅವರು ಮುಖ ತಿರುಗಿಸಿದ್ದು ಅಸಹ್ಯದಿಂದ ಎಂದು ಬಹಳ ದಿನ ತಿಳಿದಿದ್ದೆ. ಅದು ನಾಚಿಕೆ ಎಂಬುದು ನನಗೆ ತಡವಾಗಿ ಹೊಳೆಯಿತು.

ಅದಕ್ಕೂ ಮೊದಲಿನ ಬಾಳವ್ವನನ್ನು ಬಲ್ಲವರಿಗೆ ಮೊದಲು ನೆನಪಾಗುವುದು ಆಕೆಯ ನಗು. ಗಂಡಸರ ನಗೆಯಂತೆ ಹೊಟ್ಟೆಯಿಂದ ಬರುತ್ತಿತ್ತು. ಬಾವಿಯ ಕಟ್ಟೆಯಲ್ಲಿ ನಕ್ಕರೆ ಗುಡಿಯಲ್ಲಿ ಕುಳಿತವರು ‘ಬಾಳವ್ವ ಯಾರನ್ನೋ ಹಿಡಕೊಂಡ್ಲು’ ಎನ್ನುತ್ತಿದ್ದರು. ಆಕೆಯ ನಗೆಗೆ ಯಾರಾದರೂ ಒಬ್ಬರು ಸಿಕ್ಕಿಬೀಳಲೇಬೇಕಿತ್ತು. ನಾನು ಕನ್ನಡ ಏಳನೆಯ ಇಯತ್ತೆಗೆ ಸಾಲಿ ಬಿಟ್ಟು, ಹುಕ್ಕೇರಿಯ ವಕೀಲರೊಬ್ಬರ ಹತ್ತಿರ ಕಾರಕೂನನಾಗಿ, ಅವರ ಕಪಾಟಿನ ಕಾಯ್ದೆ ಪುಸ್ತಕಗಳನ್ನು ನಿಘಂಟು ಹಿಡಿದು ಓದತೊಡಗಿದ್ದ ಕಾಲ. ಊರಿಗೆ ಹೋದಾಗಲೆಲ್ಲ ಕೇಳುತ್ತಿದ್ದಳು: “ಬಾರಪಾ ಅರ್ಧ ವಕೀಲಾ! ಉಳದರ್ಧ ಯಾವಾಗ ಬರತೈತಿ, ದಸರಾಕೋ ದೀಪಾವಳಿಗೋ?”

ಯಾರಾದರೂ ಊರಿನ ಸುದ್ದಿ ತಂದರೆ ಆಕೆ ಮೊದಲು ಕೇಳುತ್ತಿದ್ದ ಪ್ರಶ್ನೆ, “ನೀ ಕಂಡಿಯೇನು?” ಹೇಳಿದವರು ಕಂಡಿಲ್ಲವೆಂದರೆ ಆ ಸುದ್ದಿಗೆ ಆಕೆಯ ಮನೆಯಲ್ಲಿ ಚಹಾ ಸಿಗುತ್ತಿರಲಿಲ್ಲ. ಹೇಳಿಕೆಯ ಮಾತನ್ನು ನಂಬದೆ ಬೇರು ಕೀಳುವ ನನ್ನ ಚಟ ಆ ಅಡುಗೆಮನೆಯ ಹೊಸ್ತಿಲಲ್ಲಿ ಹುಟ್ಟಿದ್ದು.

ಗೂಳಿಯ ವಿಷಯ. ಪ್ಲೇಗಿನ ವರ್ಷ ಆಕೆಯ ಒಬ್ಬನೇ ಮಗ ಸಿದರಾಯ ಗಂಟುಬೇನೆಯಿಂದ ಉಳಿದ. ಉಳಿದರೆ ಮನೆಯ ಮೊದಲ ಹೋರಿಗರುವನ್ನು ಬಸವಣ್ಣನಿಗೆ ಬಿಡುತ್ತೇನೆಂದು ಆಕೆ ಹರಕೆ ಹೊತ್ತಿದ್ದಳು. ಗಂಡುಕರು ಹುಟ್ಟುವುದಕ್ಕೆ ಕೆಲವು ವರ್ಷ ಹಿಡಿಯಿತು. ಹುಟ್ಟಿದ ಕರುವಿನ ತಾಯಿ ಬೇಗನೆ ಸತ್ತಿತು. ಬಾಳವ್ವ ಅಂಗೈಯಲ್ಲಿ ಬೆಲ್ಲದ ನೀರು ಹಿಡಿದು, ರೊಟ್ಟಿಯ ತುಣುಕು ನೆನೆಸಿಕೊಟ್ಟು ಅದನ್ನು ಸಾಕಿದಳು. ಕಪ್ಪು ಬಣ್ಣದ್ದಾದ್ದರಿಂದ ‘ಕರಿಯಾ’ ಎಂದು ಕರೆಯುತ್ತಿದ್ದಳು. ಅದು ಬಲಿತ ಮೇಲೆ ಗುಡಿಯ ಮುಂದೆ ಪೂಜೆ ಮಾಡಿಸಿ, ತೊಡೆಗೆ ಲಿಂಗದ ಮುದ್ರೆ ಹಾಕಿಸಿ, ಹಗ್ಗ ಬಿಚ್ಚಿ ಬಿಟ್ಟರು.

ಹಾಗೆ ಬಿಟ್ಟ ಗೂಳಿ ಆಮೇಲೆ ಯಾರದೂ ಅಲ್ಲ. ಅದನ್ನು ಕಟ್ಟುವಂತಿಲ್ಲ, ಮಾರುವಂತಿಲ್ಲ, ಹೊಡೆಯುವಂತಿಲ್ಲ. ಯಾರ ಹೊಲಕ್ಕೆ ನುಗ್ಗಿದರೂ ‘ಹೋಗಪಾ ನಮ್ಮಪ್ಪಾ’ ಎಂದು ಬಿನ್ನವಿಸಿಕೊಳ್ಳಬೇಕು. ಹೊಡೆದವನಿಗೆ ಊರಿನಲ್ಲಿ ನೀರು ಸಿಗುತ್ತಿರಲಿಲ್ಲ. ಈ ಪದ್ಧತಿಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಊರಿನ ದನಗಳ ತಳಿ ಉಳಿದದ್ದೇ ಅಂಥ ಗೂಳಿಗಳಿಂದ. ಆದರೆ ದೇವರಿಗೆ ಒಪ್ಪಿಸಿದ್ದಕ್ಕೆ ಮನುಷ್ಯರಲ್ಲಿ ಯಾರೂ ಉತ್ತರ ಹೇಳಬೇಕಾಗಿಲ್ಲ ಎಂಬ ತಪ್ಪು ಲೆಕ್ಕವೊಂದು ನಮ್ಮ ಜನರಲ್ಲಿತ್ತು. ಮುದ್ರೆ ಬಿದ್ದ ಮರುಗಳಿಗೆ ಕೊಂಬಿನ ಹೊಣೆಯೂ ಕೈಲಾಸಕ್ಕೆ ಹೋಯಿತೆಂದು ಎಲ್ಲರೂ ತಿಳಿದಿದ್ದರು.

ಕರಿಯಾನಿಗೆ ಮಾತ್ರ ತನ್ನ ಮನೆ ಮರೆತಿರಲಿಲ್ಲ. ಊರಿನ ಯಾವ ಮೂಲೆಯಲ್ಲಿದ್ದರೂ ಬಾಳವ್ವ ಮಾಳಿಗೆಯ ಮೇಲೆ ನಿಂತು “ಕರಿಯಾ, ಬಾರಪಾ!” ಎಂದರೆ ಸಾಕು, ಕಿವಿ ನಿಗುರಿಸಿ, ತಲೆ ತಗ್ಗಿಸಿ, ಕರುವಿನ ಹಾಗೆ ಓಡಿಬಂದು ಆಕೆಯ ಅಂಗೈ ನೆಕ್ಕುತ್ತಿತ್ತು. ಬೇರೆ ಯಾರು ಕರೆದರೂ ಬರುತ್ತಿರಲಿಲ್ಲ, ಗುಡಿಯ ಪೂಜಾರಿ ಕರೆದರೂ.

ಅದು ಹಾಯುವ ಗೂಳಿ ಎಂಬುದೂ ಆಕೆಗೆ ಗೊತ್ತಿತ್ತು. ಒಮ್ಮೆ ಮೂಡಲಗಿಯ ಸಂತೆಯಲ್ಲಿ ಬದನೆಕಾಯಿ ಮಾರುವವಳನ್ನು ಬುಟ್ಟಿ ಸಮೇತ ಕೆಡವಿತ್ತು. ಆಕೆ ಅಳುತ್ತ ಬಂದು ಬಾಳವ್ವನ ಬಾಗಿಲಲ್ಲಿ ನಿಂತಳು. “ದೇವರಿಗೆ ಉಣಸಿದಿ, ಪುಣ್ಯ ಬಂತು ತಗೋ!” ಎಂದು ದೊಡ್ಡವ್ವ ನಕ್ಕಳು. ಓಣಿಯೆಲ್ಲ ನಕ್ಕಿತು. ನಾನೂ ಅಲ್ಲಿದ್ದೆ. ಬುಟ್ಟಿಯವಳು ಬಿದ್ದಾಗ ತರಚಿದ ಮೊಣಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಮಲ್ಲಪ್ಪನಿಗೆ ಏಟು ಬಿದ್ದದ್ದು ಮೆಣಸಿನಕಾಯಿ ಒಣಗಿಸುವ ದಿನಗಳಲ್ಲಿ. ಬಾಳವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು. ಅಲ್ಲಿಂದ ಕುಂಬಾರನ ಅಂಗಳ ಅಂಗೈಯಂತೆ ಕಾಣುತ್ತದೆ. ಸುಡಲು ಆವಗಿಗೆ ಇಡಬೇಕಾದ ಹಸಿ ಗಡಿಗೆಗಳನ್ನು ಮಲ್ಲಪ್ಪ ಸಾಲಾಗಿ ಬಿಸಿಲಿಗೆ ಇಟ್ಟಿದ್ದ. ಕರಿಯಾ ಒಳಗೆ ನುಗ್ಗಿತು. ಒಂದೊಂದೇ ಗಡಿಗೆಯನ್ನು ಮೂಸಿ ಮೂಸಿ ಕೆಡವಿತು. ಒಂದರ ಕಂಠ ಮುರಿದು ಕೊಂಬಿಗೆ ಬಳೆಯಂತೆ ಸಿಕ್ಕಿಕೊಂಡಿತು. ಮಲ್ಲಪ್ಪ ಮುಂದೆ ಓಡಿ ಕೈಮುಗಿಯುತ್ತಾನೆ, ಗೂಳಿ ತಿರುಗಿದರೆ ಹಿಂದೆ ಓಡುತ್ತಾನೆ, ಮತ್ತೆ ಬಂದು ಕೈಮುಗಿಯುತ್ತಾನೆ. ಬಳೆ ತೊಟ್ಟ ಗೂಳಿಯನ್ನೂ ಕುಣಿಯುವ ಕುಂಬಾರನನ್ನೂ ನೋಡಿ ಬಾಳವ್ವನಿಗೆ ನಗೆ ತಡೆಯಲಾಗಲಿಲ್ಲ. ಒಂದು ಕೂಗು ಹಾಕಿದ್ದರೆ ಆಟ ಅಲ್ಲಿಗೆ ಮುಗಿಯುತ್ತಿತ್ತು. ‘ಇನ್ನೊಂದೀಟು ನೋಡೂಣು ಅಂತ ನಿಂತ್ನೆಪಾ’ ಎಂದು ಆಮೇಲೆ ನನಗೆ ತಾನೇ ಹೇಳಿದಳು. ಆ ಇನ್ನೊಂದಿಷ್ಟು ಹೊತ್ತಿನಲ್ಲಿ ಗೂಳಿ ಮಲ್ಲಪ್ಪನನ್ನು ಗೋಡೆಗೆ ಒತ್ತಿ ತೊಡೆ ಮುರಿಯಿತು.

ಆಗ ಕೂಗಿದಳು. ಗೂಳಿ ಬಂತು. ಕೊಂಬಿನ ರಕ್ತದೊಂದಿಗೇ ಬಂದು ಅಂಗೈ ನೆಕ್ಕಿತು.

ನಾಟಿ ವೈದ್ಯ ಕಟ್ಟಿದ ಕಾಲು ಸೊಟ್ಟಾಗಿ ಕೂಡಿಕೊಂಡಿತು. ಕೋಲು ಹಿಡಿದು ನಡೆಯಬಲ್ಲ, ಎತ್ತರದ ಮಣೆಯ ಮೇಲೆ ಕುಳಿತು ತಿಗರಿಯ ಚಕ್ರದ ಮೇಲೆ ಕೈ ಆಡಿಸಬಲ್ಲ, ಅರಲು ತುಳಿಯಲಾರ. ಕೆರೆಯಿಂದ ತಂದ ಜೇಡಿಮಣ್ಣಿಗೆ ಕುದುರೆ ಲದ್ದಿ, ಬೂದಿ ಬೆರೆಸಿ, ಹಿಮ್ಮಡಿಯಿಂದ ಗಂಟೆಗಟ್ಟಲೆ ತುಳಿದು, ಸಣ್ಣ ಕಲ್ಲನ್ನೂ ಪಾದದಿಂದಲೇ ಗುರುತಿಸಿ ತೆಗೆಯಬೇಕು. ಸರಿಯಾಗಿ ತುಳಿಯದ ಮಣ್ಣಿನ ಗಡಿಗೆ ಆವಗಿಯಲ್ಲಿ ಸೀಳುತ್ತದೆ. ಮಲ್ಲಪ್ಪನ ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿದ್ದದ್ದು ಗೌರವ್ವ ಎಂಬ ಮಗಳು, ಇನ್ನೂ ಹತ್ತರ ಆಸುಪಾಸಿನವಳು. ಕುಂಬಾರನಿಗೆ ಕಾಲು ಹೋಯಿತೆಂದರೆ ತಿಗರಿ ನಿಂತಿತು, ತಿಗರಿ ನಿಂತರೆ ತಂದೆ ಮಗಳು ಕೂಲಿಗೆ ಹೋಗಬೇಕು. ಸೊಟ್ಟ ಕಾಲಿನವನನ್ನು ಕೂಲಿಗೆ ಕರೆಯುವವರು ಯಾರು?

ಊರ ಪಂಚರು ಕೂಡಿದರು. ಗೌಡರೆಂದರು: “ದೇವರ ಗೂಳಿ, ದೇವರ ಲೆಕ್ಕ. ಅದರಾಗ ನಾವು ಕೈ ಹಾಕೂದ ತಪ್ಪ.” ಎಲ್ಲರೂ ತಲೆಯಾಡಿಸಿ ಎದ್ದರು. ಅವರಲ್ಲಿ ಇಬ್ಬರು ಮಲ್ಲಪ್ಪನಿಗೆ ಬೇಸಿಗೆಯ ಗಡಿಗೆ ಹೇಳಿಟ್ಟವರಿದ್ದರು. ಅದನ್ನು ಅಂಕಲಗಿಯಿಂದ ತರಿಸಿಕೊಂಡರು.

ಹುಕ್ಕೇರಿಯಲ್ಲಿದ್ದ ಮಲ್ಲಪ್ಪನ ನೆಂಟರು ಬಿಡಲಿಲ್ಲ. ಗೋಕಾಕದ ಕೋರ್ಟಿನಲ್ಲಿ ಬಾಳವ್ವನ ಮೇಲೆ ನಷ್ಟಪರಿಹಾರದ ದಾವೆ ಹಾಕಿಸಿದರು. ಸಿದರಾಯ ತಾಯಿಯ ಪರವಾಗಿ ಒಳ್ಳೆಯ ವಕೀಲರನ್ನು ಗೊತ್ತುಮಾಡಿದ. ನಾನು ರಜೆ ಪಡೆದು ಗೋಕಾಕಕ್ಕೆ ಹೋದೆ; ಆದ್ದರಿಂದ ಮುಂದಿನದು ನಾನೇ ಕಿವಿಯಾರೆ ಕೇಳಿದ್ದು.

ವಕೀಲರು ಹೊರಗೆ ಬೇವಿನ ನೆರಳಿನಲ್ಲಿ ಪಾಠ ಹೇಳಿದ್ದರು: “ಆಯೀ, ಕೇಳಿದರ ‘ದೇವರದ್ರಿ’ ಅನ್ರಿ. ಮುಂದ ಒಂದ ಅಕ್ಷರ ಮಾತಾಡಬ್ಯಾಡ್ರಿ.”

ಒಳಗೆ ಆಣೆ ಮಾಡಿಸಿದ ಮೇಲೆ ನ್ಯಾಯಾಧೀಶರು ಕೇಳಿದರು: “ಬಾಯಿ, ಆ ಗೂಳಿ ಯಾರದು?”

“ದೇವರದ್ರಿ.”

ವಕೀಲರು ಸಮಾಧಾನದಿಂದ ಕುಳಿತರು.

“ಆದರ ಸಾಹೇಬರ, ದೇವರು ಕರದರ ಬರತಿರಲಿಲ್ರಿ ಅದು. ನಾ ಕರದರ ಬರತಿತ್ತು.”

ಕೋರ್ಟು ಗೊಳ್ಳೆಂದಿತು. ನ್ಯಾಯಾಧೀಶರು ಮೇಜು ಕುಟ್ಟಿದರು. “ಆ ದಿವಸ ಕರದ್ರೇನು?”

“ಇಲ್ಲರಿ.”

“ಯಾಕ?”

“ನಗಾಕತ್ತಿದ್ನಿರಿ.”

ಯಾರೂ ನಗಲಿಲ್ಲ. ವಕೀಲರು ಎದ್ದುನಿಂತರು: “ಸಾಹೇಬರ, ಮುದುಕಿ, ಬಾಯಿ ತಪ್ಪಿ...”

“ಮುದುಕಿ ಆದರೂ ಬಾಯಿ ನಂದ ಐತ್ರಿ ವಕೀಲ್ರ, ತಪ್ಪಿಲ್ಲ.”

ವಕೀಲರು ಇನ್ನೊಂದು ದಾರಿ ಹಿಡಿದರು. “ಇರ್ಲಿ. ಮಲ್ಲಪ್ಪ ಮೊದಲ ಗೂಳಿಗೆ ಹೊಡದ ಕೆಣಕಿದನೇನು? ನೀವು ಮಾಳಿಗಿ ಮ್ಯಾಲಿಂದ ನೋಡಿರಬೇಕಲ್ಲ?”

“ನಕ್ಕ ನಕ್ಕ ಕಣ್ಣಾಗ ನೀರ ಬಂದಿದ್ದುವ್ರಿ. ಏನೂ ಕಾಣಲಿಲ್ಲ.”

ಮಲ್ಲಪ್ಪನನ್ನೂ ಕೇಳಿದರು. ತಾನು ಕೈ ಮುಗಿದೆನೇ ಹೊರತು ಕೈ ಎತ್ತಲಿಲ್ಲ ಎಂದ.

ದಾವೆ ವಜಾ ಆಯಿತು. ದೇವರಿಗೆ ಬಿಟ್ಟ ಗೂಳಿಗೆ ಮಾಲೀಕರಿಲ್ಲ. ಮಾಲೀಕರಲ್ಲದವರು ಅದನ್ನು ಕರೆಯಲೇಬೇಕೆಂಬ ಕಟ್ಟಳೆಯೂ ಇಲ್ಲ. ಸುಮ್ಮನೆ ನಿಂತು ನಕ್ಕದ್ದು ಕೆಟ್ಟದ್ದಿರಬಹುದು, ಅಪಕೃತ್ಯವಲ್ಲ. ತೀರ್ಪಿನ ಸಾರ ಇಷ್ಟು.

ಇಲ್ಲಿ ನನ್ನ ತಕರಾರನ್ನು ಹೇಳಿಬಿಡುತ್ತೇನೆ. ಇಂಗ್ಲಿಷರು ‘ಟಾರ್ಟ್’ ಎಂದು ಕರೆಯುವ, ನಾವು ಅಪಕೃತ್ಯವೆನ್ನುವ ಕಾಯ್ದೆಯನ್ನು ನಾನು ಯಾವ ಕಾಲೇಜಿನಲ್ಲಿಯೂ ಕಲಿತವನಲ್ಲ. ಆದರೆ ಹಳೆಯ ಪುಸ್ತಕಗಳಲ್ಲಿ ವರ್ಷಗಟ್ಟಲೆ ಬೆರಳಾಡಿಸಿದ ಮೇಲೆ ನನಗೆ ತಿಳಿದದ್ದು ಹೀಗೆ. ಕಳವು, ಕೊಲೆಗಳಲ್ಲಿ ಸರಕಾರ ಕೇಳುವುದು ‘ತಪ್ಪು ಮಾಡಿದವನಿಗೆ ಏನು ಮಾಡೋಣ?’ ಎಂದು. ಗುಡಿಯಲ್ಲಿ ಕೇಳುವುದು ‘ಪಾಪ ಹೇಗೆ ಕಳೆಯಲಿ?’ ಎಂದು. ಈ ಕಾಯ್ದೆ ಮೊದಲು ಕೇಳುವುದು ‘ಪೆಟ್ಟು ತಿಂದವನು ಈಗ ಹೇಗಿದ್ದಾನೆ, ಅವನನ್ನು ಮೊದಲಿದ್ದಲ್ಲಿಗೆ ಹೇಗೆ ತರೋಣ?’ ಎಂದು. ಅಳಿದುಹೋದದ್ದನ್ನು ತುಂಬಿಕೊಡುವುದು ಅದರ ಗುರಿ, ಹೊಡೆಯುವುದಲ್ಲ. ತುಂಬಿಕೊಡುವವರು ಯಾರೆಂದು ಗೊತ್ತುಮಾಡುವಾಗ ‘ವಸ್ತು ಯಾರದು?’ ಎಂದು ಕೇಳಿದರೆ ಸಾಲದು. ಅಪಾಯ ಯಾರಿಗೆ ಮೊದಲೇ ಗೊತ್ತಿತ್ತು, ತಡೆಯುವ ಶಕ್ತಿ ಯಾರ ಕೈಯಲ್ಲಿತ್ತು ಎಂದೂ ಕೇಳಬೇಕು. ಹಾಯುವ ದನವೆಂದು ತಿಳಿದೂ ಬಿಟ್ಟುಕೊಂಡವನು ಹೊಣೆಗಾರ ಎಂಬ ಮಾತು ಆ ಪುಸ್ತಕಗಳಲ್ಲಿ ಬಹಳ ಹಿಂದಿನಿಂದ ಇದೆ. ಸಿಡಿಲು, ನೆರೆಗಳು ದೈವದ ಕೆಲಸ, ನಿಜ. ಕರೆದರೆ ಬರುವ ಗೂಳಿ ದೈವದ ಕೆಲಸ ಹೇಗಾದೀತು? ಕೋರ್ಟು ಮುದ್ರೆಯನ್ನು ನೋಡಿತು, ದನಿಯನ್ನು ನೋಡಲಿಲ್ಲ. ಈ ಕಾಯ್ದೆಯನ್ನು ಓದದ ಬಾಳವ್ವ ತನ್ನ ವಿರುದ್ಧ ತಾನೇ ವಾದ ಮಂಡಿಸಿ, ಆದರೂ ತಾನೇ ಗೆದ್ದು, ಗೆದ್ದದ್ದನ್ನು ಸಹಿಸಲಾರದೆ ಹೊರಗೆ ಬಂದಳು.

ಹೊರಗೆ ಸಿದರಾಯ ಸಂತೋಷದಿಂದ ಕರದಂಟು ಹಂಚುತ್ತಿದ್ದ. ಆಕೆ ಕೈಯೊಡ್ಡಲಿಲ್ಲ. ಚಕ್ಕಡಿಯಲ್ಲಿ ಕಾಲು ಚಾಚಿ ಕುಳಿತಿದ್ದ ಮಲ್ಲಪ್ಪನ ಹತ್ತಿರ ನೆಟ್ಟಗೆ ಹೋದಳು.

“ಮಲ್ಲಪ್ಪಾ, ನಿನಗೀಗ ಏನ ಬೇಕೋ?”

ಅವನು ಸೋತ ಸಿಟ್ಟಿನಲ್ಲಿದ್ದ. “ಕಾಲ ಬೇಕ್ರೀ ಅವ್ವಾರ. ಕೊಡತೀರೇನು?”

ಬಾಳವ್ವ ಅವನ ಕಾಲು ನೋಡಿದಳು. “ಕೊಡತೇನಿ,” ಎಂದಳು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಕುಂಬಾರ ಓಣಿಗೆ ಹೋಗಿ, ಸೀರೆ ಎತ್ತಿ ಕಟ್ಟಿ, ಅರಲಿನಲ್ಲಿ ಇಳಿದಳು.

ಊರು ಸಿಡಿಯಿತು. ಸಿದರಾಯ ಅಂಗಳಕ್ಕೆ ಬಂದು ಬೇಡಿಕೊಂಡ: “ಯವ್ವಾ, ಮಂದಿ ಮುಂದ ಮಾರಿ ಎತ್ತಲಾರದಂಗ ಮಾಡಬ್ಯಾಡ. ಒಂದ ಆಳ ಇಡತೇನಿ, ಬಿಟ್ಟ ಬಾ.”

“ನಕ್ಕಾಕಿ ನಾನ. ಆಳ ನಕ್ಕಿಲ್ಲ.”

“ಕೋರ್ಟ ಬಿಟ್ಟೈತಲ್ಲ ನಿನ್ನ!”

“ಕೋರ್ಟ ಬಿಟ್ಟೈತಿ. ನಾ ಅಲ್ಲೆ ಮಾಳಿಗಿ ಮ್ಯಾಲ ನಿಂತೇನಿ ಇನ್ನೂ. ಸರಿ ಅತ್ತಾಗ, ಅಡ್ಡ ಬರಬ್ಯಾಡ, ಅರಲ ಆರತೈತಿ.”

ಮೊದಮೊದಲು ಆಕೆಗೆ ತುಳಿಯಲು ಬರುತ್ತಿರಲಿಲ್ಲ. ಮಲ್ಲಪ್ಪ ಮಣೆಯ ಮೇಲಿಂದ “ಹಿಮ್ಮಡಿ ಹಾಕ್ರಿ ಅವ್ವಾರ, ಹಿಮ್ಮಡಿ! ಜ್ವಾಳದ ರಾಶಿ ತುಳದಂಗ ತುಳೀಬ್ಯಾಡ್ರಿ” ಎಂದು ಕೂಗುತ್ತಿದ್ದ. ಮೊದಲ ಆವಗಿಯ ಗಡಿಗೆಗಳು ಬಹುಪಾಲು ಸೀಳಿದವು. “ನಿನ್ನ ಕಾಲಿಗೂ ಬುದ್ಧಿ ಬರಾಕ ಹೊತ್ತ ಹಿಡದಿರಬೇಕಲ್ಲ, ನನ್ನ ಕಾಲಿಗೂ ತಡಕೋ,” ಎಂದಳು. ಆಮೇಲಾಮೇಲೆ ಆಕೆ ತುಳಿದ ಮಣ್ಣಿನ ಗಡಿಗೆಗಳು ಮೂಡಲಗಿಯ ಸಂತೆಗೂ ಕೊಣ್ಣೂರಿಗೂ ಹೋದವು. ತಿಗರಿ ನಿಲ್ಲಲಿಲ್ಲ.

ಅರಲಿಗೆ ಇಳಿದ ಅದೇ ವಾರ ಆಕೆ ಊರು ಇನ್ನೂ ಕ್ಷಮಿಸದ ಇನ್ನೊಂದು ಕೆಲಸ ಮಾಡಿದಳು. ಕರಿಯಾನನ್ನು ಕರೆದು, ಅಂಗೈ ನೆಕ್ಕುತ್ತಿರುವಾಗಲೇ ಕೊರಳಿಗೆ ಹಗ್ಗ ಹಾಕಿ, ಕೊಟ್ಟಿಗೆಯಲ್ಲಿ ಕಟ್ಟಿದಳು. ದೇವರನ್ನು ಕಟ್ಟಿಹಾಕಿದ್ದಾಳೆಂದು ಗೌಡರಾದಿಯಾಗಿ ಹತ್ತಾರು ಜನ ಬಾಗಿಲಿಗೆ ಬಂದರು.

“ಬಾಳವ್ವಾ, ಬಸವಣ್ಣಗ ಹಗ್ಗ ಹಾಕತೀಯಾ?”

“ಗುಡಿಗೆ ರಾತ್ರಿ ಕೀಲಿ ಹಾಕತೀರೆಲ್ರೀ ಗೌಡ್ರ? ಅದರಾಗ ಇರಾಂವ ಯಾರು, ಕಳ್ಳನೇನು?”

ಹಿಂದಿನ ಬಾಳವ್ವನಾಗಿದ್ದರೆ ಅಂಥ ಮಾತಾಡಿದ ಮೇಲೆ ಓಣಿ ಅದುರುವಂತೆ ನಗುತ್ತಿದ್ದಳು. ನಗಲಿಲ್ಲ. ಒಳಗೆ ಹೋಗಿ ಗೂಳಿಗೆ ಮೇವು ಹಾಕಿದಳು. ಅದು ಮುದಿಯಾಗಿ ಸಾಯುವವರೆಗೆ ತಾನೇ ಮೇಯಿಸಿ ತಂದು ಕಟ್ಟಿದಳು. “ಅದರದೇನ ತಪ್ಪ? ಕೊಂಬ ಇದ್ದದ್ದ ಹಾಯತೈತಿ. ಬುದ್ಧಿ ಇದ್ದದ್ದು ಮ್ಯಾಲ ನಿಂತಿತ್ತು,” ಎನ್ನುತ್ತಿದ್ದಳು.

ಇದನ್ನೆಲ್ಲ ಪ್ರಾಯಶ್ಚಿತ್ತವೆಂದು ಹಾಡುವವರಿಗೆ ನನ್ನ ಉತ್ತರ ಸರಳವಾದದ್ದು. ಮಳೆಗಾಲದಲ್ಲಿ ಗಡಿಗೆ ಒಣಗುವುದಿಲ್ಲ, ತಿಗರಿಗೆ ಬಿಡುವು. ಆಗ ಬಾಳವ್ವ ಕುಂಬಾರ ಓಣಿಗೆ ಹೋಗುತ್ತಿರಲಿಲ್ಲ. ಪಾಪ ಕಳೆಯುವವರಿಗೆ ಮಳೆಗಾಲದ ರಜೆ ಇರುತ್ತದೆಯೆ? ಒಂದು ಚಳಿಗಾಲ ಆಕೆಗೆ ಜ್ವರ ಬಂತು. ಆಳು ಬೇಡವೆಂದು ಮಗನಿಗೆ ಅಂದಿದ್ದ ಅದೇ ಬಾಳವ್ವ ತನ್ನ ಬದಲಿಗೆ ಒಬ್ಬ ಆಳನ್ನು ಕಳಿಸಿದಳು. “ನನ್ನ ಜ್ವರಕ್ಕ ಅವನ ಆವಗಿ ನಿಲ್ಲಬೇಕೇನು?” ಎಂದಳು. ದೇವರಿಗೆ ದೀಡನಮಸ್ಕಾರ ಹಾಕುವವರು ಜ್ವರ ಬಂತೆಂದು ಕೂಲಿಯವನನ್ನು ಅಡ್ಡಬೀಳಲು ಕಳಿಸಿದ್ದನ್ನು ನಾನಂತೂ ಕಂಡಿಲ್ಲ. ಆಕೆಯ ಕಣ್ಣಿದ್ದದ್ದು ತನ್ನ ಪಾಪದ ಮೇಲಲ್ಲ, ಅವನ ತಿಗರಿಯ ಮೇಲೆ. ಪಂಚರು ಅದನ್ನು ಹುಚ್ಚು ಎಂದದ್ದು, ಭಜನೆಯವರು ಪವಾಡ ಎಂದದ್ದು ಯಾಕೆಂದರೆ, ಆಕೆ ಮಾಡಿದ್ದು ಬರಿಯ ನ್ಯಾಯವೆಂದು ಒಪ್ಪಿದ ಕೂಡಲೇ ‘ಹಾಗಾದರೆ ನೀವೇಕೆ ಸುಮ್ಮನೆ ಎದ್ದುಹೋದಿರಿ?’ ಎಂಬ ಪ್ರಶ್ನೆ ಬರುತ್ತದೆ. ಹುಚ್ಚಿಗೂ ಪವಾಡಕ್ಕೂ ಯಾರೂ ಉತ್ತರ ಕೊಡಬೇಕಾಗಿಲ್ಲ.

ಒಂದು ಸಲ ನಾನು ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದೆ. ತುಳಿಯುತ್ತಲೇ ಕೇಳಿದಳು:

“ತಮ್ಮಾ, ನಿನ್ನ ಪುಸ್ತಕದಾಗ ಇದು ಎಲ್ಲಿಗೆ ಮುಗೀತೈತಿ?”

“ಪೆಟ್ಟ ತಿಂದಾಂವ ಮೊದಲಿನಂಗ ಆಗೂತನಕ, ದೊಡ್ಡವ್ವಾ.”

“ಕಾಲ ಮೊದಲಿನಂಗ ಆಗೂದಿಲ್ಲಲ್ಲ?”

“ಆಗದಿದ್ದರ ಅದಕ್ಕೊಂದು ಬೆಲಿ ಕಟ್ಟತಾರ. ಅದನ್ನ ಕೊಟ್ಟರ ಮುಗೀತು.”

ಆಕೆ ಪಾದಕ್ಕೆ ಸಿಕ್ಕ ಕಲ್ಲೊಂದನ್ನು ಬಗ್ಗಿ ತೆಗೆದು ಗೋಡೆಯಾಚೆ ಎಸೆದಳು. “ಅಂದರ ಕಾಯ್ದೇಕ ಬ್ಯಾಸರಾಗಿ ಮುಗಸತೈತಿ ಅನ್ನು.”

ಎಷ್ಟೋ ದೊಡ್ಡ ಪುಸ್ತಕಗಳಲ್ಲಿ ಆಮೇಲೆ ಇದಕ್ಕೆ ಉತ್ತರ ಹುಡುಕಿದ್ದೇನೆ. ಅವನ್ನು ಬರೆದವರಲ್ಲಿ ಒಬ್ಬರೂ ಆ ಮಾತನ್ನು ಅಲ್ಲಗಳೆದಿಲ್ಲ.

ಬಾಳವ್ವನ ತುಳಿತ ಮುಗಿದದ್ದು ಬೇಸರದಿಂದಲೂ ಅಲ್ಲ, ಸಾವಿನಿಂದಲೂ ಅಲ್ಲ. ಗೌರವ್ವ ದೊಡ್ಡವಳಾಗಿ, ಆಕೆಗೆ ಹುಕ್ಕೇರಿ ಕಡೆಯ ವರ ಸಿಕ್ಕು, ಅವನು ಮನೆ ಅಳಿಯನಾಗಿ ಬಂದ. ಗಟ್ಟಿ ಕಾಲಿನವನು. ಅವನು ಅರಲಿಗೆ ಇಳಿದ ದಿನ ಬಾಳವ್ವ ಅಂಚಿನಲ್ಲಿ ನಿಂತು ನೋಡಿದಳು. ಒಂದು ಪಾದವಿಟ್ಟು ಹದ ಪರೀಕ್ಷಿಸಿದಳು. “ಹೂಂ, ನಡೀತೈತಿ,” ಎಂದು ಕಾಲು ತೊಳೆದುಕೊಂಡು ಮನೆಗೆ ಬಂದಳು. ಮತ್ತೆ ಹೋಗಲಿಲ್ಲ. ಆ ಮನೆಗೆ ಕಾಲಿನ ಕೊರತೆ ತೀರಿತ್ತು. ಇದಾಗಿ ಕೆಲವು ವರ್ಷ ಬದುಕಿದ್ದಳು. ಹಾಡು ಕಟ್ಟಿದವರಿಗೆ ಈ ವರ್ಷಗಳು ಬೇಕಾಗಿಲ್ಲ.

ಆದರೆ ನಗು ಮರಳಿ ಬರಲಿಲ್ಲ. ಮಾಳಿಗೆಯ ಏಣಿಯನ್ನು ಆಕೆ ಮತ್ತೆ ಹತ್ತಲಿಲ್ಲ. ಮೆಣಸಿನಕಾಯಿಯನ್ನು ಅಂಗಳದಲ್ಲಿಯೇ ಹರವಿಸುತ್ತಿದ್ದಳು. ಮಹಾಯುದ್ಧದ ಕಾಲದಲ್ಲಿ, ಸೀಮೆಎಣ್ಣೆಗೆ ಸರತಿ ನಿಲ್ಲುವ ದಿನಗಳಲ್ಲಿ, ಆಕೆಯನ್ನು ಕಡೆಯ ಸಲ ಕಂಡೆ. ಹಾಸಿಗೆ ಹಿಡಿದಿದ್ದಳು. ಆಕೆಯನ್ನು ಗೆಲುವಾಗಿಸಬೇಕೆಂದು ಹುಕ್ಕೇರಿಯ ನಮ್ಮ ವಕೀಲರು ಕೋರ್ಟಿನಲ್ಲಿ ಕುರ್ಚಿ ಮುರಿದು ಬಿದ್ದ ಕಥೆಯನ್ನು ಅಭಿನಯಿಸಿ ತೋರಿಸಿದೆ. ಆಕೆಯ ತುಟಿ ಅಲುಗಿತು. ಕೂಡಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು: “ಪೆಟ್ಟ ಆತೇನೋ ಅವರಿಗೆ?”

ಇಲ್ಲ ಎಂದೆ. ಸೆರಗು ತೆಗೆಯಲಿಲ್ಲ. ಆ ಬೇಸಿಗೆಯಲ್ಲಿ ತೀರಿಕೊಂಡಳು.

ಬಾಳವ್ವನ ವಿಷಯವಾಗಿ ನನ್ನ ಲೆಕ್ಕ ಇಷ್ಟು ವರ್ಷ ಇಲ್ಲಿಗೆ ಮುಗಿದಿತ್ತು. ಕೋರ್ಟು ತಪ್ಪಿದರೂ ಆಕೆ ತಪ್ಪದೆ ನಿಜ ನುಡಿದಳು, ನುಡಿದಂತೆ ನಡೆದಳು, ಎಂದು ಬರೆದು ಮುಗಿಸಬೇಕೆಂದಿದ್ದೆ. ಬರೆಯುವ ಮುಂಚೆ ಒಬ್ಬರನ್ನಾದರೂ ಕೇಳಬೇಕೆಂದು ಕಳೆದ ಬೇಸಿಗೆಯಲ್ಲಿ ಗೌರವ್ವನ ಮನೆಗೆ ಹೋದೆ. ಮಲ್ಲಪ್ಪ ತೀರಿಕೊಂಡ ಮೇಲೆ ಗಂಡ ಹೆಂಡತಿ ಹುಕ್ಕೇರಿಗೆ ಬಂದು ನೆಲೆಸಿದ್ದರು. ಈಗ ಆಕೆಯೂ ಮುದುಕಿ. ನಾನು ಬರೆದದ್ದನ್ನು ಓದಿ ಹೇಳಿದೆ. ಕೋರ್ಟಿನ ಭಾಗ ಬಂದಾಗ ಕೈ ಎತ್ತಿ ನಿಲ್ಲಿಸಿದಳು.

“ಅಲ್ಲೆ ತಪ್ಪೇತ್ರಿ ಕಾಕಾ. ನಮ್ಮಪ್ಪ ಗೂಳಿಗೆ ಹೊಡದಿದ್ದ.”

“ಏನಂದಿ?”

“ತಿಗರಿ ತಿರಗಸೂ ಕೋಲು ಇರತೈತೆಲ್ರಿ, ಅದರಲೇ. ಮೂಗಿನ ಮ್ಯಾಲ. ನಾ ಬಾಗಲದಾಗ ನಿಂತಿದ್ನಿ. ಹೊಡದ ಮ್ಯಾಲ ಅದು ತಿರಗಿ ಬಿತ್ತು. ದೇವರ ಗೂಳಿಗೆ ಹೊಡದಾನಂತ ಗೊತ್ತಾಗಿದ್ದರ ನಮ್ಮನ್ನ ಊರಾಗ ಇಡತಿದ್ರೇನ್ರಿ? ಅದಕ ಕೋರ್ಟಿನ್ಯಾಗ ಸುಳ್ಳ ಹೇಳಿದ.”

“ಬಾಳವ್ವಗ ಗೊತ್ತಿರಲಿಲ್ಲ?”

“ಗೊತ್ತಿರಲಾರದ ಏನ್ರಿ? ಮ್ಯಾ‍ಲ ನಿಂತ ನೋಡಾಕತ್ತಿದ್ಲಲ್ಲ. ಆಕಿ ಅರಲ ತುಳ್ಯಾಕ ಬಂದ ಮೊದಲನೇ ದಿನಾನ ನಮ್ಮಪ್ಪ ತಡೀಲಾರದ ಅತ್ತಬಿಟ್ಟ. ‘ಅವ್ವಾರ, ಇಳೀಬ್ಯಾಡ್ರಿ, ನಾನೂ ಹೊಡದೇನ್ರಿ’ ಅಂದ. ಆಕಿ ಏನಂದ್ಲು ಗೊತ್ತೇನ್ರಿ? ‘ಕಂಡೇನಿ ಸುಮ್ನಿರೋ. ಹೊಡದದ್ದಕ್ಕ ನೀ ಹಾಯಿಸಿಕೊಂಡಿ. ನಕ್ಕದ್ದಕ್ಕ ನನ್ನ ಯಾರೂ ಹಾಯಲಿಲ್ಲ.’ ಹಂಗಂದು ಇಳದಬಿಟ್ಲು.”

ನಾನು ಕಾಗದ ಮಡಿಸಿ ಕುಳಿತೆ. ಪೆಟ್ಟು ತಿಂದವನದೂ ತಪ್ಪಿದ್ದರೆ ಕಾಯ್ದೆ ಹೊಣೆಯನ್ನು ತೂಗಿ ಹಂಚುತ್ತದೆ. ಆಗಿನ ಕಾಲಕ್ಕೆ ಪೂರ್ತಿ ತೊಡೆದುಹಾಕುತ್ತಲೂ ಇತ್ತು. ‘ಹೊಡೆದ’ ಎಂಬ ಒಂದು ಮಾತು ಆಡಿದ್ದರೆ ಬಾಳವ್ವ ಕೋರ್ಟಿನಲ್ಲಿ ಗೆದ್ದಂತೆ ಊರಿನಲ್ಲಿಯೂ ಗೆಲ್ಲುತ್ತಿದ್ದಳು, ಮಲ್ಲಪ್ಪ ಮಗಳನ್ನು ಕರೆದುಕೊಂಡು ಊರು ಬಿಡಬೇಕಾಗುತ್ತಿತ್ತು. ಕಂಡದ್ದನ್ನು ಕಂಡಿಲ್ಲವೆಂದು ಆಕೆ ದೇವರ ಆಣೆ ಮಾಡಿ ಸುಳ್ಳು ಹೇಳಿದ್ದಳು. ನಿಜದ ಮೂರ್ತಿಯೆಂದು ನಾನು ಕೆತ್ತಿದ್ದ ದೊಡ್ಡವ್ವ ಭಜನೆಯವರ ದೊಡ್ಡವ್ವನಷ್ಟೇ ಹುಸಿ ಎಂದಾಯಿತು.

“ಇಷ್ಟ ವರ್ಷ ಯಾಕ ಹೇಳಲಿಲ್ಲ, ಗೌರವ್ವಾ?”

“ಯಾರ ಕೇಳಿದ್ರಿ ಕಾಕಾ? ಎಲ್ಲಾರೂ ಹಾಡಾಕತ್ತಿದ್ರು.”

ಬಾಳವ್ವ, ಮಲ್ಲಪ್ಪ ಇಬ್ಬರೂ ಈಗಿಲ್ಲ, ಊರಿನಿಂದ ಹೊರಹಾಕುವವರೂ ಈಗಿಲ್ಲ, ಹೇಳಿದರೆ ಯಾರಿಗೂ ಕೇಡಿಲ್ಲವೆಂದು ಗೌರವ್ವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ನನ್ನ ಬರಹವನ್ನು ನಂಬಿ ಕೂಡುವುದು ಬೇಡ. ಗೌರವ್ವ ಹುಕ್ಕೇರಿಯ ಕುಂಬಾರ ಓಣಿಯಲ್ಲಿದ್ದಾಳೆ. ಎಡಗಿವಿ ಕೇಳಿಸುವುದಿಲ್ಲ, ಬಲಗಡೆ ಕುಳಿತು ಗಟ್ಟಿಯಾಗಿ ಕೇಳಬೇಕು. ಮಧ್ಯಾಹ್ನದ ಮೇಲೆ ಹೋದರೆ ಬಾಗಿಲಲ್ಲಿಯೇ ಸಿಗುತ್ತಾಳೆ.